ಗಣಕಯಂತ್ರದ ಕಾವಲು

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕಯಂತ್ರಗಳ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಒಂದು ಡಾಲರಿಗೂ ಕಡಿಮೆಯಾದ ಈ ಮೊತ್ತವನ್ನು ಬೇರೆಯವರಾಗಿದ್ದರೆ ಅಲಕ್ಷಿಸುತ್ತಿದ್ದರೇನೋ. ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನುಹತ್ತಿದರು. ಅಪರಿಚಿತನೊಬ್ಬನು ಬಹುದೂರದಿಂದ ಯಂತ್ರದೊಳಗೆ ನುಸುಳಿ, ಅಲ್ಲಿಂದ ಸೇನೆಯ ಗಣಕಗಳನ್ನೂ ತಡಕಾಡುತ್ತಿದ್ದನೆಂಬುದು ಹೊರಬಿದ್ದಿತು.

ಯಂತ್ರದೊಳಗೇ ಕಾವಲಿಟ್ಟರೆ ಕಳ್ಳನು ಎಚ್ಚೆತ್ತುಕೊಳ್ಳುವ ಸಂಭವವಿತ್ತು. ಆದುದರಿಂದ ಸ್ಟಾಲ್, ಒಳಬರುವ ತಂತಿಗಳಿಗೆ ಹೊರಗಿನಿಂದ ಮುದ್ರಣಯಂತ್ರಗಳನ್ನು ಜೋಡಿಸಿದರು. ಅವನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು. ಕಾಗದವನ್ನು ದೂರದಿಂದ ಅಳಿಸಲು ಯಾವ ನಿಪುಣನಿಂದಲೂ ಆಗದಷ್ಟೆ! ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. 1990ರಲ್ಲಿ ಮಾರ್ಕಸ್ ಹೆಸ್ ಎಂಬುವನಿಗೆ ಬೇಹುಗಾರಿಕೆಗಾಗಿ ಶಿಕ್ಷೆಯಾಯಿತು.

ಇಂದು ಇಂತಹ ಕಾವಲನ್ನು ಏಜೆಂಟ್ ಎಂಬ ಸಣ್ಣ ತಂತ್ರಾಂಶವು ವಹಿಸಿಕೊಂಡಿದೆ. ಯಾರು ಪ್ರವೇಶಿಸಿದರು, ಯಾರ ಗುಪ್ತಪದ ತಪ್ಪಾಯಿತು ಎಂಬುದನ್ನೆಲ್ಲ ಗಣಕವು ವೇಳೆಸಹಿತ ‘ಲಾಗ್’ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಏಜೆಂಟ್ ಅದನ್ನು ಸಾಲುಸಾಲಾಗಿ ಓದಿ, ಎಲ್ಲಿಯವರೆಗೆ ಓದಿತೆಂಬ ಗುರುತಿಟ್ಟುಕೊಂಡು, ಮುಖ್ಯವಾದುದನ್ನು ಒಡನೆಯೇ ಮತ್ತೊಂದು ಗಣಕಕ್ಕೆ ರವಾನಿಸುತ್ತದೆ. ಕಳ್ಳನು ಮೂಲ ದಿನಚರಿಯನ್ನು ಅಳಿಸಿದರೂ ಅಲ್ಲಿನ ಪ್ರತಿ ಉಳಿದಿರುತ್ತದೆ.

ಮುಖ್ಯವಾದುದು ಯಾವುದೆಂದು ನಿರ್ಧರಿಸುವುದೇ ಕಠಿನ. ಇಲಿ ಓಡಿದರೂ ಕೂಗುವ ಕಾವಲುಗಾರನ ಮಾತನ್ನು ಯಾರು ಕೇಳುತ್ತಾರೆ? ಅದಕ್ಕಾಗಿ ಸಿಸ್‌ಲಾಗ್ ಪದ್ಧತಿಯಲ್ಲಿ ಘಟನೆಗಳಿಗೆ 0ಯಿಂದ 7ರವರೆಗೆ ದರ್ಜೆಗಳಿವೆ. 0 ಎಂದರೆ ವ್ಯವಸ್ಥೆಯೇ ಕುಸಿದಂತೆ, 7 ಕೇವಲ ಪರಿಶೀಲನೆಯ ಟಿಪ್ಪಣಿ. ಏಜೆಂಟನ್ನು ಸ್ಥಾಪಿಸಿದವರು ಬೇಕೆಂದೇ ಒಮ್ಮೆ ತಪ್ಪು ಗುಪ್ತಪದವನ್ನು ಒತ್ತಿ, ಆ ಸಾಲು ಆಚೆಯ ಗಣಕವನ್ನು ತಲುಪಿತೇ ಎಂದು ನೋಡುತ್ತಾರೆ.