ಜನರೇಟರ್ ನಿಮ್ಮದು, ಕಂಬದ ತಂತಿ ನಿಮ್ಮದಲ್ಲ

ಮಳೆಗಾಲದಲ್ಲಿ ಮಲೆನಾಡಿನ ಒಂಟಿ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಬಾರದಿರುವುದು ಹೊಸದೇನಲ್ಲ. ಸಣ್ಣ ಪೆಟ್ರೋಲ್ ಜನರೇಟರ್ ಕೊಳ್ಳಹೊರಟವರು ಮೊದಲು ಕೇಳುವುದು, ಇದಕ್ಕೆ ಲೈಸೆನ್ಸ್ ಬೇಕೇ ಎಂದು. ಬೇಡ. ಸ್ವಂತ ಬಳಕೆಗೆ ವಿದ್ಯುತ್ ತಯಾರಿಸಿಕೊಳ್ಳಲು 2003ರ ವಿದ್ಯುತ್ ಕಾಯ್ದೆಯ 9ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಆ ಯಂತ್ರದ ವೈರು ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡನ್ನು (ಡಿಬಿ) ಮುಟ್ಟಿದ ಕ್ಷಣದಿಂದ ವ್ಯವಹಾರ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಸರ್ವಿಸ್ ವೈರಿದೆ, ಕಂಬವಿದೆ, ಕಂಬ ಹತ್ತುವ ಪವರ್‌ಮ್ಯಾನ್ ಇದ್ದಾನೆ. ಎರಡು ಮೂಲಗಳ ವಿದ್ಯುತ್ ಎಂದೂ ಕೂಡದಂತೆ ನೋಡಿಕೊಳ್ಳುವ ಹೊಣೆ ಮನೆಯವರ ನೆನಪಿನ ಮೇಲೆ ನಿಲ್ಲಬಾರದು, ಸ್ವಿಚ್ಚಿನ ರಚನೆಯಲ್ಲೇ ಇರಬೇಕು ಎಂಬುದು ನನ್ನ ವಾದ.

ಹಳ್ಳಿ, ಪೇಟೆ ಎನ್ನದೆ ಎಲ್ಲೆಡೆ ಚಾಲ್ತಿಯಲ್ಲಿರುವ ಅಡ್ಡದಾರಿಯೊಂದಿದೆ: ಎರಡೂ ತುದಿಗೆ ಪಿನ್ ಟಾಪ್ ಹಾಕಿದ ವೈರಿನ ಒಂದು ತುದಿಯನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. ಮನೆಯೆಲ್ಲ ಬೆಳಗುತ್ತದೆ, ನಿಜ. ಆಗ ಮೇನ್ ಸ್ವಿಚ್ ಆನ್ ಇದ್ದರೆ ಅದೇ ವಿದ್ಯುತ್ ಮೀಟರ್ ದಾಟಿ ಬೀದಿಯ ಲೈನಿಗೆ ಹರಿಯುತ್ತದೆ. 11,000 ವೋಲ್ಟನ್ನು ಮನೆಬಳಕೆಗೆ ಇಳಿಸುವ ಟಿಸಿ (ಟ್ರಾನ್ಸ್‌ಫಾರ್ಮರ್), ಹಿಮ್ಮುಖವಾಗಿ ಬಂದ ವಿದ್ಯುತ್ತನ್ನು ಅಷ್ಟೇ ನಿಷ್ಠೆಯಿಂದ ಮೇಲೇರಿಸುತ್ತದೆ. ಜನರೇಟರ್ ಓಡುತ್ತಿರುವಾಗಲೇ ಲೈನ್ ಮರಳಿ ಚಾರ್ಜ್ ಆದರೆ ಯಂತ್ರ ಸುಡಬಹುದು, ಬೆಂಕಿಯೂ ಹತ್ತಬಹುದು. ಗೋಡೆಯಿಂದ ಕಿತ್ತ ಪ್ಲಗ್ಗಿನ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆಂಬುದು ಬೇರೆ ಮಾತು. ಮಕ್ಕಳಿರುವ ಮನೆಗೆ ಅದೊಂದೇ ಸಾಕು.

ಇದಕ್ಕೆ ಬರುವ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಎರಡು ಕಿಲೋವ್ಯಾಟ್‌ನ ಯಂತ್ರ ಇಡೀ ಬೀದಿಯ ಭಾರ ಹೊರಲಾರದು, ಟ್ರಿಪ್ ಆಗಿ ನಿಲ್ಲುತ್ತದೆ ಎನ್ನುವವರಿದ್ದಾರೆ. ಬಹಳ ಸಲ ಹಾಗೇ ಆಗುತ್ತದೆ. ಆದರೆ ಮರ ಬಿದ್ದು ನಿಮ್ಮ ಮನೆಯ ಹತ್ತಿರವೇ ತಂತಿ ತುಂಡಾಗಿದ್ದರೆ ಆ ತುಂಡಿನ ಮೇಲೆ ಹೊರೆಯೇ ಇರುವುದಿಲ್ಲ. ಜನರೇಟರ್ ಆರಾಮವಾಗಿ ಓಡುತ್ತಲೇ ಇರುತ್ತದೆ. ರಿಪೇರಿಗೆ ಆಳು ಬರುವುದೂ ಅಲ್ಲಿಗೇ. ಅವನ ಜೀವ ತೆಗೆಯಲು 11,000 ವೋಲ್ಟ್ ಬೇಕಿಲ್ಲ, 230 ಸಾಕು. ಅವನು ಲೈನನ್ನು ಪರೀಕ್ಷಿಸಿ, ಅರ್ಥ್ ಮಾಡಿಯೇ ಕೈಹಾಕಬೇಕಲ್ಲವೇ ಎಂದರೆ, ಹೌದು, ಹಾಕಬೇಕು. ಅವನ ಎಚ್ಚರ ನಿಮ್ಮ ತಪ್ಪಿಗೆ ರಕ್ಷಣೆಯಲ್ಲ. ಇನ್ನು ‘ಮೊದಲು ಮೇನ್ ಆಫ್ ಮಾಡಿಯೇ ಹಚ್ಚುತ್ತೇವೆ’ ಎಂಬ ಮಾತು. ಮನೆಯಲ್ಲಿ ಅದು ಗೊತ್ತಿರುವವರು ಒಬ್ಬರು, ಕತ್ತಲಲ್ಲಿ ಜನರೇಟರ್ ಹಚ್ಚುವವರು ಹಲವರು. ಚಾವಣಿಯ ಸೋಲಾರ್‌ನ ವಿಷಯದಲ್ಲಿ ಕಾನೂನು ಇಂಥ ಭರವಸೆಯನ್ನು ಒಪ್ಪಿಲ್ಲ: ಲೈನ್ ಸತ್ತರೆ ಗ್ರಿಡ್ಡಿಗೆ ವಿದ್ಯುತ್ ಹೋಗುವುದು ತಾನಾಗಿ ನಿಲ್ಲಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಾವಳಿ ಕಡ್ಡಾಯ ಮಾಡಿದೆ. ಪೆಟ್ರೋಲ್ ಯಂತ್ರಕ್ಕೆ ಅಂಥ ಬುದ್ಧಿಯಿಲ್ಲ. ಆ ಕೆಲಸವನ್ನು ಚೇಂಜ್‌ಓವರ್ ಸ್ವಿಚ್ ಮಾಡಬೇಕು.

ಅದರ ಹಿಡಿ ಒಂದೋ ಲೈನಿನ ಕಡೆ, ಇಲ್ಲವೇ ಜನರೇಟರಿನ ಕಡೆ, ನಡುವೆ ಆಫ್. ಎರಡೂ ಕಡೆ ಒಟ್ಟಿಗೆ ನಿಲ್ಲುವುದು ಸಾಧ್ಯವೇ ಇಲ್ಲ. ಸಿಂಗಲ್ ಫೇಸ್ ಮನೆಗೆ ಎರಡು ಪೋಲ್, ಮೂರು ಫೇಸಿಗೆ ನಾಲ್ಕು ಪೋಲ್ ಇರಲಿ. ಫೇಸ್ ಮಾತ್ರ ಬದಲಿಸಿ ನ್ಯೂಟ್ರಲ್ಲನ್ನು ಹಾಗೇ ಬಿಡುವ ಅಗ್ಗದ ಜೋಡಣೆ ಬೇಡ. ಫ್ರಿಜ್, ಲೈಟು, ನೀರಿನ ಪಂಪು ಇಷ್ಟನ್ನೇ ಬೇರೆ ಡಿಬಿಗೆ ತಂದರೆ ಸಣ್ಣ ಯಂತ್ರ ತಡೆಯುತ್ತದೆ. ಬಲ್ಬು, ಫ್ಯೂಸ್ ಬದಲಿಸಿದಂತೆ ಇದನ್ನು ನೀವೇ ಮಾಡಿಕೊಳ್ಳುವಂತಿಲ್ಲ. ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆ ಕುರಿತ ಪ್ರಾಧಿಕಾರದ 2023ರ ನಿಯಮಾವಳಿಯಂತೆ ವೈರಿಂಗ್‌ನಲ್ಲಿ ಇಂಥ ಬದಲಾವಣೆಯನ್ನು ರಾಜ್ಯದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು, ಅರ್ಹತಾ ಪತ್ರವಿರುವ ಮೇಲ್ವಿಚಾರಕರು ಸ್ಥಳದಲ್ಲಿರಬೇಕು. ಲೈಸೆನ್ಸ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕೆಲಸ ಮುಗಿದ ಮೇಲೆ ಪರೀಕ್ಷಾ ವರದಿಯನ್ನೂ ಬರೆಸಿಕೊಳ್ಳಿ. ಖರ್ಚು ಹೆಚ್ಚೆನಿಸಿದರೆ ಕಾನೂನುಬದ್ಧವಾದ ಅಗ್ಗದ ದಾರಿಯೂ ಇದೆ: ಡಿಬಿಯ ತಂಟೆಗೇ ಹೋಗದೆ ಜನರೇಟರಿನಿಂದ ನೇರ ಎಕ್ಸ್‌ಟೆನ್ಷನ್ ಎಳೆದು ಬೇಕಾದ ಉಪಕರಣವನ್ನಷ್ಟೇ ಓಡಿಸುವುದು. ಯಂತ್ರ ಮಾತ್ರ ಮನೆಯ ಹೊರಗೆ, ಕಿಟಕಿಗಳಿಂದ ದೂರವಿರಲಿ. ಅದು ಉಗುಳುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ.

ಅವಘಡವಾದರೆ ಅದು ಮನೆಯೊಳಗಿನ ಸಂಗತಿಯಾಗಿ ಉಳಿಯದು. ಮನುಷ್ಯರಿಗಾಗಲೀ ಜಾನುವಾರಿಗಾಗಲೀ ಪೆಟ್ಟಾದರೆ, ಜೀವ ಹೋದರೆ, ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಜೀವ ಹೋಗಿದ್ದರೆ ವಿಷಯ ತಿಳಿದ 24 ಗಂಟೆಯೊಳಗೆ ಎಂದು 2005ರ ನಿಯಮಗಳು ಹೇಳುತ್ತವೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಸೆರೆವಾಸವಿದೆ. ಹಳೆಯ ದಂಡಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು. ಪಕ್ಕದ ಮನೆಯ ಜನರೇಟರಿನಿಂದ ಲೈನಿಗೆ ವಿದ್ಯುತ್ ಹೋಗುತ್ತಿರುವ ಅನುಮಾನ ಬಂದರೆ ನೀವೇ ಹೋಗಿ ವೈರು ಕೀಳಬೇಡಿ. ತಕ್ಷಣ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆಮಾಡಿ, ಕಂಬದ ಗುರುತು ಹೇಳಿ, ಕೆಲಸಕ್ಕೆ ಬರುವವರಿಗೆ ವಿಷಯ ಮುಟ್ಟಿಸಲು ಒತ್ತಾಯಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿದ್ಯುತ್ ಪರಿವೀಕ್ಷಣಾಲಯಕ್ಕೆ ಲಿಖಿತ ದೂರು ಕೊಡುವಾಗ ಅದನ್ನೂ ನಮೂದಿಸಿ.