ಕಲ್ಲು ಸಿಕ್ಕ ಮೇಲೆ

ವೀರಗಲ್ಲು, ಶಾಸನ ಹುಡುಕಲು ಹೊರಟವರು ಮೊದಲು ಹೋಗಬೇಕಾದದ್ದು ಊರ ಕಟ್ಟೆಗೆ. ಕಲ್ಲಿನ ಕಡೆ ಆಮೇಲೆ. ಮುಧೋಳ, ಬೀಳಗಿ, ಜಮಖಂಡಿ ಸೀಮೆಯ ಹಳ್ಳಿಗಳಲ್ಲಿ ರಜೆಯ ದಿನಗಳನ್ನೆಲ್ಲ ಈ ಹುಚ್ಚಿಗೇ ಸುರಿದ ನನಗೆ ದಕ್ಕಿದ ಮೊದಲ ಪಾಠ ಇದು. ಹೆಗಲಿಗೆ ಚೀಲ ಹಾಕಿಕೊಂಡು ಹಾಳುಗುಡಿಯ ಹಿಂದೆ ಬಗ್ಗಿ ನೋಡುವ ಅಪರಿಚಿತನನ್ನು ಕಂಡರೆ ಯಾರಾದರೂ ಕೇಳುವುದು ಒಂದೇ: “ನಿಧಿ ನೋಡಾಕ ಬಂದೀರೇನ್ರಿ?”

ಅದು ತಮಾಷೆಯ ಪ್ರಶ್ನೆಯಲ್ಲ. ನಿಧಿಯ ಆಸೆಗೆ ರಾತ್ರೋರಾತ್ರಿ ಹಾರೆ ಹಾಕಿ ಕಿತ್ತ, ಒಡೆದ ಕಲ್ಲುಗಳು ನಾಡಿನ ತುಂಬ ಇವೆ. ಹಾಗಾಗಿ ನಾನು ಕಟ್ಟೆಯ ಮೇಲೆ ಕೂತು ಚಾ ಕುಡಿದು, “ಅಕ್ಷರ ಓದಾಕ ಬಂದೀನ್ರಿ, ಏನೂ ಒಯ್ಯೂದಿಲ್ಲ” ಎಂದು ಹೇಳಿಯೇ ಏಳುವುದು. ಎಷ್ಟೋ ಸಲ ಹಿರಿಯರೊಬ್ಬರು ತಾವೇ ಎದ್ದು ಬರುತ್ತಾರೆ. “ಅದೇನ್ ನೋಡ್ತೀರಿ, ಛಲೋ ಕಲ್ಲು ಬಾವಿ ಹಂತ್ಯಾಕ ಐತಿ” ಎನ್ನುತ್ತಾರೆ. ಯಾವ ಪುಸ್ತಕದಲ್ಲೂ ಇಲ್ಲದ ಕಲ್ಲು ಸಿಗುವುದು ಹೀಗೆ.

ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಸವೆದ ಅಕ್ಷರ ಎದ್ದು ಕಾಣುತ್ತದೆ. ಅದಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಸಂಜೆಯ ಬೆಳಕೂ ಅಷ್ಟೇ ಚೆನ್ನ, ಆದರೆ ಕತ್ತಲಾಗುವ ಹೊತ್ತಿಗೆ ಹೊಲದಲ್ಲಿ ಸುಳಿದಾಡುವವನನ್ನು ಯಾರು ನಂಬುತ್ತಾರೆ? ಮಧ್ಯಾಹ್ನವಾದರೆ ಒಂದು ಕನ್ನಡಿ ಸಾಕು, ಬಿಸಿಲನ್ನು ಪಕ್ಕದಿಂದ ಹಾಯಿಸಬಹುದು. ಸೀಮೆಸುಣ್ಣದಿಂದ ಅಕ್ಷರ ತಿದ್ದುವವರನ್ನು ಕಂಡರೆ ನನಗೆ ಸಿಟ್ಟು. ತಾವು ಊಹಿಸಿದ್ದನ್ನು ಕಲ್ಲಿನ ಮೇಲೆ ಬರೆದಿಟ್ಟು ಹೋದರೆ ಮುಂದೆ ಬಂದವರು ಓದುವುದು ಆ ಊಹೆಯನ್ನೇ. ತಂತಿ ಬ್ರಷ್, ಆ್ಯಸಿಡ್ ಮಾತಂತೂ ಬೇಡ. ನೀರು ಮತ್ತು ಮೆತ್ತನೆಯ ಬ್ರಷ್, ಅಷ್ಟೇ.

ನೀರು ಹಾಕುವುದಕ್ಕೂ ಕೇಳಬೇಕು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ಸೂರ್ಯ ಚಂದ್ರ ಎಂದು ನಾವು ಲೆಕ್ಕ ಹಾಕುತ್ತಿರುತ್ತೇವೆ. ಎಣ್ಣೆ ಹಚ್ಚಿ ಕುಂಕುಮ ಇಟ್ಟ ತಾಯಿಗೆ ಆ ಕಲ್ಲು ದೇವರು. ಚಪ್ಪಲಿ ದೂರ ಬಿಟ್ಟು ನಿಂತರೆ ಎಣ್ಣೆಯ ಜಿಡ್ಡನ್ನು ಆಕೆಯೇ ಒರೆಸಿಕೊಟ್ಟದ್ದೂ ಉಂಟು.

ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಅಕ್ಷರದ ಗುಳಿಗಳಿಗೆ ಇಳಿಯುವವರೆಗೆ ಬ್ರಷ್ಷಿನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿ ಒತ್ತಬೇಕು. ಸುತ್ತ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದ ಹರಿದರೆ ಮಸಿ ಕಲ್ಲಿಗೇ ಹತ್ತುತ್ತದೆ. ಕೈ ಪಳಗದವರು ಫೋಟೊದಲ್ಲೇ ತೃಪ್ತರಾಗಲಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು.

ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಇಂಥದೇ ಹವ್ಯಾಸವೊಂದಿದೆ, ಲೆಟರ್‌ಬಾಕ್ಸಿಂಗ್. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಬಾಟಲಿಯೊಂದನ್ನು ಇಟ್ಟ. ಹೋದವರು ಅದರಲ್ಲಿ ತಮ್ಮ ಹೆಸರಿನ ಚೀಟಿ ಹಾಕಿ ಬರುತ್ತಿದ್ದರು. ಈಗ ಬಯಲಿನಲ್ಲಿ ಬಚ್ಚಿಟ್ಟ ಪೆಟ್ಟಿಗೆ ಹುಡುಕಿ, ಒಳಗಿನ ಮೊಹರನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಂಡು, ತಮ್ಮದನ್ನು ಅಲ್ಲಿನ ಪುಸ್ತಕಕ್ಕೆ ಒತ್ತಿ, ಇದ್ದಂತೆಯೇ ಮುಚ್ಚಿಟ್ಟು ಬರುತ್ತಾರೆ. ಪ್ರಾಚೀನ ಕಲ್ಲುಗಳ ನಡುವೆ ಪೆಟ್ಟಿಗೆ ಇಡಬಾರದೆಂಬ ಕಟ್ಟಳೆಯೂ ಅವರಲ್ಲಿದೆ. ಆಟದವರಿಗೇ ಅಷ್ಟು ಎಚ್ಚರವಿದ್ದರೆ ನಮಗೆಷ್ಟು ಇರಬೇಕು!

ಕಲ್ಲನ್ನು ಕದಲಿಸಬಾರದು ಎನ್ನುವುದಕ್ಕೆ ಭಕ್ತಿಯಷ್ಟೇ ಕಾರಣವಲ್ಲ. ದಾನಶಾಸನಗಳು ಹೊಲದ ಎಲ್ಲೆಯನ್ನು ದಿಕ್ಕು ಹಿಡಿದು ಹೇಳುತ್ತವೆ. ಕಲ್ಲು ಊರು ಬಿಟ್ಟರೆ ಆ ದಿಕ್ಕುಗಳನ್ನು ಯಾವ ನೆಲಕ್ಕೆ ಹೊಂದಿಸುವುದು? ತೇರದಾಳದ ಬಸದಿಯ ಶಾಸನವನ್ನು ಶಾಸನತಜ್ಞ ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಪ್ರಕಟಿಸಿದ. ಗೊಂಕ ಎಂಬ ಮಾಂಡಲಿಕ 1123ರ ಸುಮಾರಿಗೆ ಬಸದಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಅದನ್ನು ತೇರದಾಳದಲ್ಲೇ ನಿಂತು ಓದುವುದಕ್ಕೂ ಪುಸ್ತಕದಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ.

ಹೊಸ ಕಲ್ಲಿನ ಜಾಗವನ್ನು ನಾನು ವಾಟ್ಸ್‌ಆ್ಯಪಿಗೆ ಹಾಕುವುದಿಲ್ಲ. ಇಲಾಖೆಗೆ ತಿಳಿಸುತ್ತೇನೆ, ಬಲ್ಲವರಿಗೆ ತೋರಿಸುತ್ತೇನೆ. ಕಬ್ಬು ನಿಂತಿದ್ದರೆ ಬದುವಿನ ಮೇಲೇ ನಡೆದು ಹೋಗುತ್ತೇನೆ, ಇಲ್ಲವೇ ಕಟಾವು ಮುಗಿಯಲಿ ಎಂದು ಕಾಯುತ್ತೇನೆ. ಅಚ್ಚು ತೆಗೆದರೆ ಎರಡು ತೆಗೆಯುತ್ತೇನೆ: ಒಂದು ನನಗೆ, ಇನ್ನೊಂದು ಆ ಊರಿನ ಶಾಲೆಗೆ, ಕೆಳಗೆ ಹೊಸಗನ್ನಡದಲ್ಲಿ ಅರ್ಥ ಬರೆದು. ಗುರುಗಳು ಅದನ್ನು ಗೋಡೆಗೆ ಅಂಟಿಸಿದ ಮೇಲೆ ಕಲ್ಲಿಗೆ ಯಾರಾದರೂ ಆಯಿಲ್ ಪೇಂಟ್ ಬಳಿಯಲು ಹೋದರೆ ತಡೆಯುವವರು ಹುಡುಗರೇ.