ಆ್ಯಪ್‌ಗಳ ನಷ್ಟ, ನಮ್ಮ ಮನೆಯ ಲೆಕ್ಕ

ತಮಿಳುನಾಡಿನ ಪೆನ್ನಾಗರಂನಲ್ಲಿ ಕನ್ನಡ ಮಾತಾಡುವ ಮನೆಯ ಮನರಂಜನೆಯ ಖರ್ಚು ಬೆಂಗಳೂರಿನ ಮನೆಯ ಖರ್ಚಿನಂತಲ್ಲ. ಹೊಗೇನಕಲ್‌ನಲ್ಲಿ ನಿಂತರೆ ಕಾವೇರಿಯ ಆಚೆ ದಡವೇ ಕರ್ನಾಟಕ. ಆದರೂ ಹೊಸ ಕನ್ನಡ ಚಿತ್ರ ಬೇಕೆಂದರೆ ನಮಗೆ ಮೊಬೈಲೇ ಟಾಕೀಸು. ಹಾಗಾಗಿ ಸ್ಟ್ರೀಮಿಂಗ್ ಕಂಪನಿಗಳ ಲಾಭ ನಷ್ಟ ನನಗೆ ಷೇರುಪೇಟೆಯ ಸುದ್ದಿಯಲ್ಲ, ಮನೆ ಖರ್ಚಿನ ವಿಷಯ.

ನಮ್ಮಮ್ಮ ಕಲರ್ಸ್ ಕನ್ನಡದ ಧಾರಾವಾಹಿ ಬಿಡುವವರಲ್ಲ. ಮೊದಲು ಅದು ವೂಟ್‌ನಲ್ಲಿ ಬರುತ್ತಿತ್ತು. 2023ರಲ್ಲಿ ಜಿಯೋಸಿನಿಮಾಕ್ಕೆ ಹೋಯಿತು. 2025ರ ಫೆಬ್ರುವರಿಯಿಂದ ಜಿಯೋಹಾಟ್‌ಸ್ಟಾರ್. 'ಇದೂ ಅದೇನಾ, ಬೇರೇದಾ?' ಎಂದು ಅಮ್ಮ ಪ್ರತಿ ಸಲ ಕೇಳಿದ್ದಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕ್ರಿಕೆಟ್ಟಿನಲ್ಲಿದೆ.

2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಡಿಜಿಟಲ್ ಹಕ್ಕನ್ನು ಕಲರ್ಸ್ ಕನ್ನಡದ ಒಡೆಯ ವಯಾಕಾಮ್18 ಸಂಸ್ಥೆ 23,758 ಕೋಟಿ ರೂಪಾಯಿಗೆ ಹಿಡಿಯಿತು. ಅಷ್ಟು ಸುರಿದು, ಮರುವರ್ಷ ಜಿಯೋಸಿನಿಮಾದಲ್ಲಿ ಪಂದ್ಯಗಳನ್ನು ಉಚಿತವಾಗಿ ತೋರಿಸಿತು. ಐಪಿಎಲ್ ಕೈತಪ್ಪಿದ ಡಿಸ್ನಿ+ ಹಾಟ್‌ಸ್ಟಾರ್‌ಗೆ 2022ರ ಅಕ್ಟೋಬರ್‌ನಲ್ಲಿ 6.13 ಕೋಟಿ ಚಂದಾದಾರರಿದ್ದರು. ಒಂದೇ ವರ್ಷದಲ್ಲಿ 3.76 ಕೋಟಿಗೆ ಇಳಿದರು. ಒಬ್ಬರು ದುಡ್ಡು ಕಳೆದುಕೊಂಡು ಉಚಿತ ಕೊಟ್ಟರು, ಇನ್ನೊಬ್ಬರು ಗಿರಾಕಿಗಳನ್ನೇ ಕಳೆದುಕೊಂಡರು. ಕೊನೆಗೆ 2024ರ ನವೆಂಬರ್‌ನಲ್ಲಿ ಇಬ್ಬರೂ ಒಂದಾದರು. ಒಟ್ಟು ಮೌಲ್ಯ 70,352 ಕೋಟಿ. ಪೈಪೋಟಿ ಮುಗಿದ ಮೇಲೆ ಉಚಿತವೂ ಮುಗಿಯಿತು. 2025ರ ಐಪಿಎಲ್ ನೋಡಲು ಚಂದಾ ಕಟ್ಟಬೇಕಾಯಿತು, ಇಲ್ಲವೇ ಜಿಯೋ ಸಿಮ್ಮಿಗೆ 299 ಅಥವಾ ಹೆಚ್ಚಿನ ರೀಚಾರ್ಜ್.

'ಬಿಟ್ಟಿ ಕೊಟ್ಟು ರೂಢಿ ಮಾಡಿಸಿ, ಈಗ ಸುಲೀತಾರೆ' ಎಂಬ ಮಾತು ನಮ್ಮೂರಲ್ಲೂ ಇದೆ. ಈ ಸಿಟ್ಟು ನನಗೆ ಅರ್ಥವಾಗುತ್ತದೆ. 2011ರಲ್ಲಿ ತಮಿಳುನಾಡು ಸರ್ಕಾರದ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಬಂದ ಜಿಲ್ಲೆಯಿದು. ಟಿವಿ ಎಂದರೆ ಇಷ್ಟೇ ಬೆಲೆ ಎಂದು ನಾವೆಲ್ಲ ಮನಸ್ಸಿನಲ್ಲಿ ಬರೆದುಕೊಂಡಿದ್ದೇವೆ. ಆದರೆ ಕೇಬಲ್ಲಿನ ಹಿಂದೆ ಸರ್ಕಾರವಿತ್ತು. ಆ್ಯಪ್‌ಗಳ ಹಿಂದಿರುವುದು ಹೂಡಿಕೆದಾರರು, ಅವರ ತಾಳ್ಮೆಗೆ ಮಿತಿಯಿದೆ. 2022ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಜಗತ್ತಿನಾದ್ಯಂತ ಸೇರಿ 2 ಲಕ್ಷ ಚಂದಾದಾರರು ಕಡಿಮೆಯಾದರು ಎಂದು ಹೇಳಿದ್ದಕ್ಕೆ ಅದರ ಷೇರು ಒಂದೇ ದಿನ ಶೇ 35ರಷ್ಟು ಕುಸಿಯಿತು. ಮರುವರ್ಷ ಜುಲೈನಲ್ಲಿ ಭಾರತದಲ್ಲೂ ಬೇರೆ ಮನೆಯವರೊಂದಿಗೆ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ತಡೆ ಬಿತ್ತು. 

ಬೆಲೆ ಏರಿಸುವುದನ್ನು ನಾನು ಮೋಸ ಎನ್ನುವುದಿಲ್ಲ. ನಷ್ಟದಲ್ಲಿ ಮಾರಿದ್ದನ್ನು ಎಂದಾದರೂ ನಿಜಬೆಲೆಗೆ ಮಾರಲೇಬೇಕು. ನನ್ನ ಆಕ್ಷೇಪ ಬಿಟ್ಟು ಹೋಗುವವರ ದಾರಿಗೆ ಮುಳ್ಳು ಹಾಕುವುದರ ಬಗ್ಗೆ. ನಮ್ಮ ಬೀದಿಯ ಹಿರಿಯರೊಬ್ಬರು ಒಂದು ಆ್ಯಪನ್ನು ಫೋನಿನಿಂದ ಅಳಿಸಿಬಿಟ್ಟು, ಚಂದಾ ನಿಂತಿತು ಎಂದುಕೊಂಡಿದ್ದರು. ಖಾತೆಯಿಂದ ಹಣ ಹೋಗುತ್ತಲೇ ಇತ್ತು. ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಕಡೆ ಹೋಗಿ ಅನುಮತಿಯನ್ನೇ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಹಣ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಬರುತ್ತದೆ, ಇಂಗ್ಲಿಷಿನಲ್ಲಿ. ಕನ್ನಡವೋ ತಮಿಳೋ ಮಾತ್ರ ಓದಬಲ್ಲ ಹಿರಿಯರಿಗೆ ಅದನ್ನು ಮನೆಯ ಮಕ್ಕಳೇ ಓದಿ ಹೇಳಬೇಕು. ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟವಾಗಿಸುವುದು 2023ರ ನವೆಂಬರ್‌ನಿಂದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ನಿಷೇಧಿಸಿದ 13 ಕುತಂತ್ರಗಳಲ್ಲೊಂದು. ದೂರಿಗೆ 1915 ಸಹಾಯವಾಣಿ ಇದೆ.

ವರ್ಷದ ಚಂದಾ ಅಗ್ಗ ಎನ್ನುತ್ತಾರೆ. ನಾನು ಕಟ್ಟುವುದಿಲ್ಲ. ಕೊಂಡಾಗ ಇದ್ದ ಸರಕು ವರ್ಷದ ಕೊನೆವರೆಗೂ ಇರುತ್ತದೆಂಬ ಖಾತ್ರಿ ಇಲ್ಲ. 2023ರ ಮಾರ್ಚ್ 31ಕ್ಕೆ ಎಚ್‌ಬಿಒ ಕಾರ್ಯಕ್ರಮಗಳು ಹಾಟ್‌ಸ್ಟಾರ್‌ನಿಂದ ಹೊರಟವು. 2025ರ ಜೂನ್‌ನಲ್ಲಿ ಪ್ರೈಮ್ ವಿಡಿಯೋಗೆ ಜಾಹೀರಾತು ಬಂತು. ಬೇಡವೆಂದರೆ ತಿಂಗಳಿಗೆ 129 ರೂಪಾಯಿ ಹೆಚ್ಚು.

ನನಗೆ ಹೆಚ್ಚು ನೋವಾಗುವುದು ಕನ್ನಡದ ಪಾಲಿನ ಬಗ್ಗೆ. 2020ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ಚಿತ್ರಗಳು ನೇರವಾಗಿ ಪ್ರೈಮ್‌ನಲ್ಲಿ ಬಂದಾಗ ನಮ್ಮಂಥ ಗಡಿಯಾಚೆಯ ಮನೆಗಳಲ್ಲಿ ಹಬ್ಬವಿತ್ತು. ಆದರೆ 2024ರಲ್ಲಿ ರಕ್ಷಿತ್ ಶೆಟ್ಟಿ ತಮ್ಮ 'ಏಕಂ' ಸರಣಿಗೆ ಸರಿಯಾದ ವೇದಿಕೆ ಸಿಗದೆ, ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಖರ್ಚಿಗೆ ಕತ್ತರಿ ಹಾಕುವ ಕಂಪನಿ ಮೊದಲು ಕೈಬಿಡುವುದು ಚಿಕ್ಕ ಮಾರುಕಟ್ಟೆಯನ್ನು. ಆದ್ದರಿಂದ ನಮ್ಮ ಮನೆಯಲ್ಲಿ ಅಮ್ಮನ ಧಾರಾವಾಹಿಯ ಆ್ಯಪ್ ಒಂದು ಸದಾ ಇರುತ್ತದೆ. ಮಿಕ್ಕವುಗಳಲ್ಲಿ ಒಂದು ತಿಂಗಳಿಗೆ ಒಂದೇ, ಅದೂ ಆಟೋಪೇ ಇಲ್ಲದೆ. ಹಾಗೆ ಉಳಿದದ್ದು ಕನ್ನಡ ಚಿತ್ರಗಳನ್ನು ಒಂದೊಂದಾಗಿ ಬಾಡಿಗೆಗೆ ಪಡೆಯಲು. ಚಂದಾದ ರಾಶಿಯಲ್ಲಿ ನಮ್ಮ ಹಣ ಯಾವ ಭಾಷೆಗೆಂದು ಗುರುತು ಸಿಗುವುದಿಲ್ಲ. ಬಾಡಿಗೆ ಕಟ್ಟಿದರೆ ಆ ಚಿತ್ರದ ಹೆಸರಿನಲ್ಲೇ ಲೆಕ್ಕಕ್ಕೆ ಬರುತ್ತದೆ.